ಹಳೆಯ ವೈಫೈ ರೂಟರ್ ಬದಲಾಯಿಸಬೇಕಾ? ಮೊದಲು ಒಂದು ಲ್ಯಾನ್ ಕೇಬಲ್ ಚುಚ್ಚಿ ನೋಡಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೈಸೂರಿನಲ್ಲಿ ಮೂವತ್ತು–ನಲವತ್ತು ಸೈಟಿನ ಡ್ಯೂಪ್ಲೆಕ್ಸ್ ಮನೆ. ಫೈಬರ್ ಕನೆಕ್ಷನ್ ಕೊಟ್ಟವರು ಆರು ವರ್ಷದ ಹಿಂದೆ ಇಟ್ಟುಹೋದ ಬಾಕ್ಸ್ ಇನ್ನೂ ಟಿವಿ ಸ್ಟ್ಯಾಂಡಿನ ಹಿಂದೆಯೇ ಇದೆ. ಪ್ಲಾನ್ 200 ಎಂಬಿಪಿಎಸ್, ಆದರೆ ಹಾಲ್‌ನಲ್ಲಿ ಕೂತು ಅಳೆದರೂ ಮೊಬೈಲಿನಲ್ಲಿ 45–50 ದಾಟುವುದಿಲ್ಲ. ಮೇಲಿನ ರೂಮಿನಲ್ಲಿ ನಿಮ್ಮ ಹೆಂಡತಿಯ ಆಫೀಸ್ ಮೀಟಿಂಗ್ ತುಂಡು ತುಂಡಾಗುತ್ತದೆ. ಏಳು ಸಾವಿರದ ವೈಫೈ 6 ರೂಟರ್ ನೋಡಿಟ್ಟಿದ್ದೀರಿ, ತಗೊಳ್ಳಲಾ ಬೇಡ್ವಾ ಅಂತ ಕೇಳಿದ್ದೀರಿ.

ಈ ವಾರ ತಗೋಬೇಡಿ. ನಿಮ್ಮ ಮನೆಗೆ ಏನೋ ಒಂದು ಬದಲಾವಣೆ ಬೇಕು, ಅದು ಖಂಡಿತ. ಆದರೆ ಬೇಕಾಗಿರುವುದು ಆ ರೂಟರ್ರೇ ಅಂತ ಇನ್ನೂ ಗೊತ್ತಾಗಿಲ್ಲ. ಗೊತ್ತುಮಾಡಿಕೊಳ್ಳಲು ಅರ್ಧ ಗಂಟೆ ಸಾಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಮೂರು ವರ್ಷದ ಹಿಂದೆ ನಾನು 300 ಎಂಬಿಪಿಎಸ್ ಪ್ಲಾನಿಗೆ ಹೋದೆ. ವೇಗ 94ರಲ್ಲಿ ನಿಂತುಬಿಟ್ಟಿತು. ರೂಟರ್ ಹಳೆಯದಾಯಿತು ಅಂತ ಹೊಸದು ತಂದೆ. ಮತ್ತೆ ಅದೇ 94. ಎರಡು ವಾರ ಸೆಟ್ಟಿಂಗ್ ಎಲ್ಲ ತಿರುಗಿಸಿದ ಮೇಲೆ ಫೈಬರ್ ಬಾಕ್ಸ್‌ನಿಂದ ರೂಟರ್‌ಗೆ ಬರುವ ಲ್ಯಾನ್ ಕೇಬಲ್ಲಿನ ತುದಿ ನೋಡಿದೆ. ಒಳಗೆ ಎಂಟು ಎಳೆ ಇರಬೇಕು. ನಾಲ್ಕನ್ನು ಮಾತ್ರ ಕ್ರಿಂಪ್ ಮಾಡಿದ್ದರು, ಅಂದರೆ ತುದಿಯ ಪಿನ್ನಿಗೆ ಒತ್ತಿ ಕೂರಿಸಿದ್ದರು. ನಾಲ್ಕು ಎಳೆಯಲ್ಲಿ 100 ಎಂಬಿಪಿಎಸ್ ಹೋಗುತ್ತದೆ, ಗಿಗಾಬಿಟ್ (1000 ಎಂಬಿಪಿಎಸ್) ವೇಗಕ್ಕೆ ಎಂಟೂ ಬೇಕು. ಅಂಗಡಿಯಿಂದ ಒಂದೂವರೆ ಮೀಟರ್ ರೆಡಿಮೇಡ್ ಕೇಬಲ್ ತಂದು ಹಾಕಿದೆ, ಅವತ್ತೇ ಸರಿಹೋಯಿತು. ಹಳೆಯ ರೂಟರ್‌ನಲ್ಲಿ ಯಾವ ದೋಷವೂ ಇರಲಿಲ್ಲ. ಅಷ್ಟು ದುಡ್ಡು ಹೋಗಿದ್ದಕ್ಕೆ ಆಗ ನಿಜಕ್ಕೂ ಬೇಜಾರಾಗಿತ್ತು. ನಿಮಗೆ ಹಾಗಾಗಬಾರದು.

ಇಂಟರ್ನೆಟ್ ನಿಮ್ಮ ಕೈಗೆ ಎರಡು ಹಂತದಲ್ಲಿ ಬರುತ್ತದೆ. ಬೀದಿಯಿಂದ ಬಾಕ್ಸ್‌ವರೆಗೆ ಗಾಜಿನ ಎಳೆಯಲ್ಲಿ, ಬಾಕ್ಸ್‌ನಿಂದ ಮೊಬೈಲ್‌ವರೆಗೆ ಗಾಳಿಯಲ್ಲಿ. ಹೊಸ ರೂಟರ್ ಸರಿಮಾಡುವುದು ಎರಡನೆಯದನ್ನು ಮಾತ್ರ. ನಾಲೆಯಲ್ಲೇ ನೀರು ಕಡಿಮೆ ಇದ್ದರೆ ಗದ್ದೆಯ ಬದು ಎಷ್ಟು ತಿದ್ದಿದರೇನು, ಅಲ್ವಾ?

ಹಾಗಾಗಿ ಮೊದಲು ಒಂದು ಲ್ಯಾಪ್‌ಟಾಪ್ ತಗೊಳ್ಳಿ. ಲ್ಯಾನ್ ಕೇಬಲ್ಲಿನಿಂದ ನೇರವಾಗಿ ಬಾಕ್ಸ್‌ಗೆ ಚುಚ್ಚಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಮನೆಯವರ ಫೋನು, ಟಿವಿ ಎಲ್ಲ ಐದು ನಿಮಿಷ ಸುಮ್ಮನಿರಲಿ. ವೇಗ ಅಳೆದು ಬರೆದಿಟ್ಟುಕೊಳ್ಳಿ. ಆಮೇಲೆ ಕೇಬಲ್ ತೆಗೆದು, ಬಾಕ್ಸ್‌ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ವೈಫೈ ಮೇಲೆ ಅಳೆಯಿರಿ. ಕೊನೆಗೆ ಮೇಲಿನ ರೂಮಿನಲ್ಲಿ, ನಿಮ್ಮ ಹೆಂಡತಿ ಕೂರುವ ಜಾಗದಲ್ಲೇ ಕೂತು ಅಳೆಯಿರಿ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂಬತ್ತಕ್ಕೆ ಒಂದು ಸಲ. ಈಗಿನ ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ಪೋರ್ಟ್ ಇರುವುದಿಲ್ಲ. ಯಾರದ್ದಾದರೂ ಹಳೆಯದು ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ.

ಕೇಬಲ್ ಮೇಲೆ 190ರ ಆಸುಪಾಸು ಬಂದರೆ ಬೀದಿಯ ಕಡೆ ಎಲ್ಲ ಸರಿಯಿದೆ. ಬೆಳಿಗ್ಗೆ 190, ರಾತ್ರಿ ಅದೇ ಕೇಬಲ್ ಮೇಲೆ 40 ಅಂತಾದರೆ ಅದು ಕನೆಕ್ಷನ್ ಕೊಟ್ಟವರ ಕಡೆಯ ದಟ್ಟಣೆ. ಎಷ್ಟೇ ದುಬಾರಿ ರೂಟರ್ ತಂದರೂ ಅದು ಸರಿಹೋಗುವುದಿಲ್ಲ. ಕೇಬಲ್ ಮೇಲಿನ ಅಂಕಿಗಳನ್ನು ಇಟ್ಟುಕೊಂಡು ದೂರು ಕೊಡಿ. ವೈಫೈ ಮೇಲಿನ ಅಂಕಿ ಹೇಳಿದರೆ "ಅದು ನಿಮ್ಮ ಮನೆ ಒಳಗಿನ ಸಮಸ್ಯೆ" ಅನ್ನುತ್ತಾರೆ.

ಇನ್ನೊಂದು ಸಾಧ್ಯತೆ, ಕೇಬಲ್ ಮೇಲೂ ಯಾವ ಹೊತ್ತಿನಲ್ಲಿ ನೋಡಿದರೂ 94–95ಕ್ಕೆ ನಿಲ್ಲುವುದು. ಹಾಗಾದರೆ ಒಂದೋ ನನ್ನ ಮನೆಯಲ್ಲಾದ ಹಾಗೆ ಕೇಬಲ್ ದೋಷ, ಇಲ್ಲಾ ಬಾಕ್ಸ್‌ನ ಅಥವಾ ಹಳೆಯ ಲ್ಯಾಪ್‌ಟಾಪಿನ ಪೋರ್ಟ್ 100 ಎಂಬಿಪಿಎಸ್‌ನದು. ಕೇಬಲ್ ಬದಲಾಯಿಸಿ ನೋಡಿ. ಲ್ಯಾಪ್‌ಟಾಪಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ 1000 ಅಂತ ತೋರಿಸಬೇಕು. ಆಗಲೂ 100 ಅಂತಲೇ ಇದ್ದು, ಲ್ಯಾಪ್‌ಟಾಪಿನ ಪೋರ್ಟ್ ಗಿಗಾಬಿಟ್‌ನದೇ ಆಗಿದ್ದರೆ ಬಾಕ್ಸ್‌ನ ಪೋರ್ಟೇ ಅಷ್ಟು.

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ನಿಮ್ಮ ಮನೆಯಲ್ಲಿರುವುದು ಬರೀ ರೂಟರ್ ಅಲ್ಲ. ನಾವೆಲ್ಲ ಮೋಡೆಮ್ ಅಂತ ಕರೆಯುವ ಆ ಬಾಕ್ಸಿನ ಸರಿಯಾದ ಹೆಸರು ಒಎನ್‌ಟಿ. ಗಾಜಿನ ಎಳೆಯಲ್ಲಿ ಬರುವ ಬೆಳಕನ್ನು ಲ್ಯಾನ್ ಕೇಬಲ್ಲಿಗೆ ಹೋಗುವ ಸಿಗ್ನಲ್ ಮಾಡುವುದು ಅದರ ಕೆಲಸ. ವೈಫೈ ಅದರ ಹೊಟ್ಟೆಯಲ್ಲೇ ಸೇರಿಸಿ ಕೊಟ್ಟಿರುತ್ತಾರೆ. ನೀವು ನೋಡಿಟ್ಟ ರೂಟರ್‌ಗೆ ಫೈಬರ್ ನೇರ ಚುಚ್ಚಲು ಬರುವುದಿಲ್ಲ. ಒಎನ್‌ಟಿ ಇದ್ದೇ ಇರಬೇಕು, ಅದರ ಹಿಂದೆ ಲ್ಯಾನ್ ಕೇಬಲ್ಲಿನಲ್ಲಿ ಹೊಸ ರೂಟರ್. ಒಎನ್‌ಟಿಯ ಪೋರ್ಟ್ 100ರದ್ದೇ ಆಗಿದ್ದರೆ ಹೊಸ ರೂಟರ್‌ಗೆ ಸಿಗುವುದೂ 95. ಅಂಥ ಕಡೆ ಬದಲಾಯಿಸಬೇಕಾದದ್ದು ಒಎನ್‌ಟಿ. ಅದನ್ನು ಕನೆಕ್ಷನ್ ಕೊಟ್ಟವರೇ ಮಾಡಬೇಕು. "ನೀವು ಮಾರಿದ್ದು 200ರ ಪ್ಲಾನ್, ಬಾಕ್ಸ್ 100ರದ್ದು, ಡ್ಯುಯಲ್ ಬ್ಯಾಂಡ್ ಇರುವ ಗಿಗಾಬಿಟ್ ಬಾಕ್ಸ್ ಕೊಡಿ" ಅಂತ ನೇರವಾಗಿ ಕೇಳಿ. ಡ್ಯುಯಲ್ ಬ್ಯಾಂಡ್ ಅಂದರೆ ವೈಫೈಗೆ ಎರಡು ರೇಡಿಯೋ ಅಲೆಯ ಪಟ್ಟಿ ಇರುವುದು, ಅದರ ವಿಷಯ ಮುಂದೆ ಇದೆ. ಡೆಪಾಸಿಟ್ ಕೇಳಬಹುದು, ಸುಮ್ನೆ ಕೊಡಲೂಬಹುದು. ಕೇಳುವುದರಲ್ಲಿ ತಪ್ಪೇನಿಲ್ಲ, ಅದು ನಿಮ್ಮ ಹಕ್ಕು.

ಇನ್ನು ಹಾಲ್‌ನಲ್ಲೇ 45–50 ಬರುವ ವಿಷಯ. ನನ್ನ ಅಂದಾಜಿನಲ್ಲಿ ನಿಮ್ಮ ಬಾಕ್ಸ್‌ನಲ್ಲಿ 2.4 ಗಿಗಾಹರ್ಟ್ಸ್ ಬ್ಯಾಂಡ್ ಒಂದೇ ಇದೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ವೈಫೈ ಹೆಸರಿನ ಮೇಲೆ ಒತ್ತಿದರೆ ಸಾಮಾನ್ಯವಾಗಿ ವಿವರದಲ್ಲಿ ಫ್ರೀಕ್ವೆನ್ಸಿ ಕಾಣುತ್ತದೆ, ನೋಡಿ. ಈ ಬ್ಯಾಂಡ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ಜಾಗ ಇಕ್ಕಟ್ಟು. ಒಂದರ ಮೇಲೊಂದು ಬೀಳದ ಚಾನೆಲ್ ಅಂತ ಇರುವುದು 1, 6, 11 ಈ ಮೂರೇ. ಅಕ್ಕಪಕ್ಕದ ಹತ್ತು ಮನೆಯವರು ಈ ಮೂರನ್ನೇ ಹಂಚಿಕೊಳ್ಳಬೇಕು. ಬ್ಲೂಟೂತ್ ಕೂಡ ಇಲ್ಲೇ. ಅಡುಗೆಮನೆಯ ಮೈಕ್ರೋವೇವ್ ಓವನ್ ಓಡುವಾಗಲೂ ಇಲ್ಲೇ ಗದ್ದಲ. ಹೀಗಿರುವಾಗ 50 ಬರುತ್ತಿರುವುದು ಆಶ್ಚರ್ಯವೇನಲ್ಲ. 5 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಜಾಗ ಜಾಸ್ತಿ, ಒಂದೇ ರೂಮಿನಲ್ಲಿ 200 ಸಲೀಸಾಗಿ ಬರುತ್ತದೆ, ಆದರೆ ಗೋಡೆ ದಾಟುವಾಗ ಸೋಲುತ್ತದೆ. ವೈಫೈ ಹೆಸರಿನ ಕೊನೆಗೆ ಕಾಣುವ "5ಜಿ" ಈ ಬ್ಯಾಂಡಿನ ಗುರುತು, ಮೊಬೈಲಿನ 5ಜಿಗೂ ಅದಕ್ಕೂ ಸಂಬಂಧವಿಲ್ಲ.

ಆದ್ದರಿಂದ ಬಾಕ್ಸ್‌ನಲ್ಲಿ 5 ಗಿಗಾಹರ್ಟ್ಸ್ ಇಲ್ಲವೇ ಇಲ್ಲ ಅಂತಾದರೆ ಬದಲಾಯಿಸಲು ಅದೊಂದೇ ಕಾರಣ ಸಾಕು. ಇಲ್ಲಿ ನನಗೆ ಅನುಮಾನವಿಲ್ಲ.

ಈಗ ಮೇಲಿನ ರೂಮಿಗೆ ಬರೋಣ. ನಿಜವಾದ ತೊಂದರೆ ಅಲ್ಲಿರುವುದು, ಹೊಸ ರೂಟರ್ ತಂದವರು ಜಾಸ್ತಿ ನಿರಾಸೆಪಡುವುದೂ ಅಲ್ಲೇ. ವಿಡಿಯೋ ಮೀಟಿಂಗ್‌ಗೆ ಮೂರು ನಾಲ್ಕು ಎಂಬಿಪಿಎಸ್ ಸಾಕು. ನೆಟ್‌ಫ್ಲಿಕ್ಸ್‌ನವರು 4ಕೆ ಚಿತ್ರಕ್ಕೇ ಕೇಳುವುದು 15. ನಿಮ್ಮ ಹೆಂಡತಿಗೆ 200 ಬೇಕಿಲ್ಲ, ತುಂಡಾಗದೆ ಬರುವ ಹತ್ತು ಬೇಕು. ಅದು ಸಿಗದಿರುವುದು ವೇಗ ಸಾಲದೆ ಅಲ್ಲ, ನಡುವೆ ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ತಾರಸಿ ಇರುವುದರಿಂದ.

ಹೆಚ್ಚು ಶಕ್ತಿಯ ರೂಟರ್ ತಂದರೆ ತಾರಸಿ ಸೀಳಿಕೊಂಡು ಹೋಗುತ್ತದೆ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಹೋಗಬಹುದು, ಆದರೆ ವಾಪಸ್ ಬರಬೇಕಲ್ಲ. ಊರ ಜಾತ್ರೆಯಲ್ಲಿ ಮೈಕಿನಲ್ಲಿ ಕರೆದದ್ದು ನಿಮಗೆ ಕೇಳುತ್ತದೆ, ನೀವು ಅಲ್ಲಿಂದ "ಬಂದೆ" ಅಂದದ್ದು ಅವರಿಗೆ ಕೇಳುವುದಿಲ್ಲ. ಲ್ಯಾಪ್‌ಟಾಪು, ಮೊಬೈಲು ಕಳಿಸುವ ಸಿಗ್ನಲ್ ರೂಟರ್‌ಗಿಂತ ಸಣ್ಣದು. ಮೀಟಿಂಗ್‌ನಲ್ಲಿ ಎದುರಿನವರ ಮಾತು ಚೆನ್ನಾಗಿ ಕೇಳಿ, ನಮ್ಮ ಮಾತು ಮಾತ್ರ ಅವರಿಗೆ ತುಂಡಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ದುಡ್ಡು ಖರ್ಚಿಲ್ಲದ ಕೆಲಸ ಮೊದಲು ಮಾಡಿ. ಬಾಕ್ಸನ್ನು ಟಿವಿ ಹಿಂದಿನಿಂದ ಹೊರಗೆ ತನ್ನಿ. ಟಿವಿ, ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಮೀನಿನ ತೊಟ್ಟಿ ಇವೆಲ್ಲ ಸಿಗ್ನಲ್ ತಡೆಯುತ್ತವೆ. ಡ್ಯೂಪ್ಲೆಕ್ಸ್‌ನಲ್ಲಿ ಮೆಟ್ಟಿಲು ಹತ್ತುವ ಜಾಗ ತೆರೆದಿರುತ್ತದೆ, ಅಲ್ಲಿ ತಾರಸಿ ಅಡ್ಡ ಇಲ್ಲ. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಎತ್ತರಕ್ಕೆ ಮೊಳೆ ಹೊಡೆದು ನೇತುಹಾಕಿ ನೋಡಿ. ಒಎನ್‌ಟಿ ಜಾಗ ಬದಲಿಸುವಾಗ ಫೈಬರ್ ಎಳೆಯನ್ನು ಮಡಚಬೇಡಿ, ಗಾಜು ಒಳಗೇ ಮುರಿಯುತ್ತದೆ, ಬೆಳಕು ಬರುತ್ತಿಲ್ಲ ಅಂತ ಹೇಳುವ ಎಲ್‌ಒಎಸ್ ಕೆಂಪು ದೀಪ ಹತ್ತಿಕೊಳ್ಳುತ್ತದೆ. ಉದ್ದ ಸಾಲದಿದ್ದರೆ ಕನೆಕ್ಷನ್‌ನವರನ್ನೇ ಕರೆಸಿ.

ಆಂಟೆನಾ ಹೊರಗಿದ್ದರೆ ಇನ್ನೊಂದು ಪ್ರಯೋಗ. ನಿಂತಿರುವ ಆಂಟೆನಾದಿಂದ ಸಿಗ್ನಲ್ ಉದ್ದಿನ ವಡೆಯ ಆಕಾರದಲ್ಲಿ ಹರಡುತ್ತದೆ. ವಡೆಯ ತೂತಿನಲ್ಲಿ ಆಂಟೆನಾ ಇದೆ ಅಂದುಕೊಳ್ಳಿ. ಸುತ್ತಲೂ ದಪ್ಪ, ನೇರ ಮೇಲೆ ಕೆಳಗೆ ತೆಳು. ಮೇಲಿನ ಮಹಡಿಗೆ ಬೇಕಾದರೆ ಒಂದು ಆಂಟೆನಾವನ್ನು ಅಡ್ಡ ಮಲಗಿಸಿ ನೋಡಿ.

ಇಷ್ಟಾದರೂ ಸಾಲದಿದ್ದರೆ ನಾನು ದುಡ್ಡು ಹಾಕುವುದು ಕೇಬಲ್ಲಿಗೆ. ಒಎನ್‌ಟಿಯಿಂದ ಮೇಲಿನ ರೂಮಿಗೆ ಒಂದು ಕ್ಯಾಟ್ 6 ಲ್ಯಾನ್ ಕೇಬಲ್ ಎಳೆಸಿ, ಅಲ್ಲೊಂದು ರೂಟರ್ ಇಡಿ. ಟಿವಿ ಕೇಬಲ್ ಹೋಗಿರುವ ಪೈಪಿನಲ್ಲೇ ಎಷ್ಟೋ ಸಲ ಜಾಗ ಇರುತ್ತದೆ. ಕರೆಂಟ್ ವೈರ್ ಇರುವ ಪೈಪಿನಲ್ಲಿ ಮಾತ್ರ ಎಳೆಸಬೇಡಿ. ನಮ್ಮ ಮನೆಯಲ್ಲಿ ಎಲೆಕ್ಟ್ರಿಷಿಯನ್ ಇದನ್ನು ಎರಡು ಗಂಟೆಯಲ್ಲಿ ಮುಗಿಸಿದರು. ಮೇಲೆ ಇಡುವ ರೂಟರ್ ದುಬಾರಿಯದ್ದೇ ಆಗಬೇಕಿಲ್ಲ, ಆಕ್ಸೆಸ್ ಪಾಯಿಂಟ್ ಮೋಡ್ (ಕೇಬಲ್ಲಿನಲ್ಲಿ ಬಂದದ್ದನ್ನು ಬರೀ ವೈಫೈ ಆಗಿ ಹರಡುವ ಸೆಟ್ಟಿಂಗ್) ಇದ್ದು ಪೋರ್ಟ್ ಗಿಗಾಬಿಟ್ ಆಗಿದ್ದರೆ ಆಯಿತು. ಕೆಳಗಿನ ವೈಫೈನ ಹೆಸರು, ಪಾಸ್‌ವರ್ಡ್ ಎರಡನ್ನೂ ಹಾಗೇ ಇಲ್ಲಿಗೂ ಕೊಡಿ, ಮೆಟ್ಟಿಲು ಹತ್ತಿದಾಗ ಮೊಬೈಲ್ ತಾನೇ ಬದಲಾಯಿಸಿಕೊಳ್ಳುತ್ತದೆ.

ಗೋಡೆಗೆ ಚುಚ್ಚುವ ರಿಪೀಟರ್ ಬಗ್ಗೆ ಹಲವರು ಹೇಳುತ್ತಾರೆ. ಅಗ್ಗದವು ಒಂದೇ ಬ್ಯಾಂಡಿನಲ್ಲಿ ಕೇಳಿ, ಅದನ್ನೇ ಅದೇ ಬ್ಯಾಂಡಿನಲ್ಲಿ ಮತ್ತೆ ಹೇಳುತ್ತವೆ. ವೇಗ ಅರ್ಧಕ್ಕರ್ಧ ಹೋಗುತ್ತದೆ. ಎರಡು ಮೂರು ಡಬ್ಬಿ ಸೇರಿ ಒಂದೇ ವೈಫೈ ಆಗಿ ಕೆಲಸ ಮಾಡುವ ಮೆಶ್ ಇದಕ್ಕಿಂತ ವಾಸಿ, ಆದರೆ ಮೆಶ್‌ನ ಎರಡು ಡಬ್ಬಿಗಳ ನಡುವೆಯೂ ಅದೇ ತಾರಸಿ ಇದ್ದರೆ ಕೇಬಲ್ಲಿನಷ್ಟು ಭರವಸೆ ಇಲ್ಲ. ಬಾಡಿಗೆ ಮನೆಯಾಗಿ ಕೇಬಲ್ ಎಳೆಯಲು ಬಿಡದಿದ್ದರೆ ಮೆಶ್ ತಗೊಂಡು ಒಂದು ಡಬ್ಬಿಯನ್ನು ಮೆಟ್ಟಿಲ ತುದಿಯಲ್ಲಿ ಇಡಿ ಅನ್ನುತ್ತಿದ್ದೆ. ನಿಮ್ಮದು ಸ್ವಂತ ಮನೆ ಅಂತ ಬರೆದಿದ್ದೀರಿ.

ವೈಫೈ 6 ಬೇಕಾ? ಇದು 2019ರಿಂದ ಪ್ರಮಾಣೀಕೃತವಾಗಿ ಬರುತ್ತಿದೆ, ಒಳ್ಳೆಯ ತಂತ್ರಜ್ಞಾನ. ಹಳೆಯದರಲ್ಲಿ ರೂಟರ್ ಹೆಚ್ಚಾಗಿ ಒಂದು ಹೊತ್ತಿಗೆ ಒಬ್ಬರಿಗೇ ಬಡಿಸುತ್ತದೆ, ಇದರಲ್ಲಿ ಪಂಕ್ತಿಯಲ್ಲಿ ಕೂತ ಹಲವರಿಗೆ ಒಂದೇ ಸುತ್ತಿನಲ್ಲಿ ಬಡಿಸಬಹುದು. ವೈಫೈ 5 ಬರೀ 5 ಗಿಗಾಹರ್ಟ್ಸ್‌ಗೆ ಸೀಮಿತವಾಗಿತ್ತು, 6ರಲ್ಲಿ 2.4 ಕೂಡ ಸುಧಾರಿಸಿದೆ. ಆದರೆ ಈ ಲಾಭ ಸಿಗಬೇಕಾದರೆ ಫೋನು, ಲ್ಯಾಪ್‌ಟಾಪಿನಲ್ಲೂ ವೈಫೈ 6 ಇರಬೇಕು. ನಿಮ್ಮ ಮನೆಯಲ್ಲಿ ಎರಡು ಫೋನ್ ಮಾತ್ರ ಹೊಸವು ಅಂದಿದ್ದೀರಿ. ಆದ್ದರಿಂದ ಇವತ್ತಿಗೆ ದೊಡ್ಡ ವ್ಯತ್ಯಾಸ ಕಾಣದು. ಹೊಸದು ಕೊಳ್ಳಲೇಬೇಕಾದಾಗ ವೈಫೈ 6 ಇರುವುದನ್ನೇ ಕೊಳ್ಳಿ, ಮುಂದಿನ ಐದಾರು ವರ್ಷಕ್ಕೆ ಆಗುತ್ತದೆ. ಆದರೆ ಆರಂಭದ ಮಾಡೆಲ್ ಸಾಕು, ಏಳು ಸಾವಿರದ್ದು ಬೇಡ. ವೈಫೈ 7 ಅಂತೂ ಈಗ ನಿಮ್ಮ ಲೆಕ್ಕಕ್ಕೇ ಬೇಡ. ಡಬ್ಬದ ಮೇಲಿನ ಎಎಕ್ಸ್ 1500 ಅಂಥ ಅಂಕಿ ಎರಡೂ ಬ್ಯಾಂಡ್ ಕೂಡಿಸಿ ಬರೆದದ್ದು, ಯಾವ ಒಂದು ಫೋನಿಗೂ ಅಷ್ಟು ಸಿಗುವುದಿಲ್ಲ.

ವೇಗ ಚೆನ್ನಾಗಿದ್ದರೂ ಬದಲಾಯಿಸಬೇಕಾದ ಸಂದರ್ಭ ಒಂದಿದೆ. ಅದು ಸುರಕ್ಷತೆ. ಆರು ವರ್ಷದ ಡಬ್ಬಿಗೆ ಕಂಪನಿ ಇನ್ನೂ ಹೊಸ ಫರ್ಮ್‌ವೇರ್ (ಡಬ್ಬಿಯೊಳಗಿನ ಸಾಫ್ಟ್‌ವೇರ್) ಕೊಡುತ್ತಿದೆಯಾ ನೋಡಿ. ವರ್ಷಗಟ್ಟಲೆ ಏನೂ ಬಂದಿಲ್ಲ ಅಂದರೆ, ಕಂಡುಬಂದ ತೂತುಗಳನ್ನು ಮುಚ್ಚುವವರಿಲ್ಲ ಅಂತಲೇ ಅರ್ಥ. ಮನೆಯಿಂದಲೇ ಬ್ಯಾಂಕ್ ವ್ಯವಹಾರ, ಆಫೀಸ್ ಕೆಲಸ ನಡೆಯುವಾಗ ಇದನ್ನು ಹಗುರವಾಗಿ ತಗೋಬೇಡಿ. ಹೊಸದರಲ್ಲಿ ವೈಫೈ ಭದ್ರತೆಯ ಹೊಸ ಮಾನದಂಡವಾದ ಡಬ್ಲ್ಯುಪಿಎ3 ಇರಲಿ. ಒಎನ್‌ಟಿಯ ಒಳಹೋಗುವ ಪಾಸ್‌ವರ್ಡ್ ಅಡ್ಮಿನ್ ಅಂತಲೇ ಉಳಿದಿದ್ದರೆ ಇವತ್ತೇ ಬದಲಾಯಿಸಿ. ಹೊಸ ರೂಟರ್ ಅನ್ನು ಮೇಲಿನ ರೂಮಿನಲ್ಲಲ್ಲದೆ ಒಎನ್‌ಟಿಯ ಪಕ್ಕದಲ್ಲೇ ಇಟ್ಟರೆ ಮಾತ್ರ ಒಎನ್‌ಟಿಯ ವೈಫೈ ಆಫ್ ಮಾಡಿ, ಇಲ್ಲದಿದ್ದರೆ ಎರಡೂ ಒಂದರ ಮೇಲೊಂದು ಕೂಗುತ್ತಿರುತ್ತವೆ.

ಬಾಕ್ಸ್ ಆಗಾಗ ತಾನೇ ಆಫ್ ಆಗಿ ಆನ್ ಆಗುತ್ತದೆ ಅಂತಲೂ ಕೊನೆಯ ಸಾಲಿನಲ್ಲಿ ಬರೆದಿದ್ದೀರಿ. ಅದಕ್ಕೆ ಅಡಾಪ್ಟರ್ ಸೊರಗಿರಬಹುದು. ಹಿಂದಿನ ಚೀಟಿಯಲ್ಲಿ 12 ವೋಲ್ಟ್ ಅಂತಿದ್ದರೆ 12 ವೋಲ್ಟಿನದ್ದೇ ತನ್ನಿ, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಲಿ, ಕಡಿಮೆ ಬೇಡ.

ಕೇಬಲ್, ಹಾಲ್, ಮೇಲಿನ ರೂಮು ಈ ಮೂರು ಅಂಕಿ ಬಂದ ಮೇಲೆ ಇಲ್ಲೇ ಕೆಳಗೆ ಬರೆಯಿರಿ. ಒಎನ್‌ಟಿಯ ಹಿಂಭಾಗದ ಫೋಟೋ ಹಾಕಿದರೆ ಪೋರ್ಟ್ ಯಾವುದು ಅಂತ ನೋಡಿ ಹೇಳುತ್ತೇನೆ. ಫೋಟೋದಲ್ಲಿ ಚೀಟಿಯ ಮೇಲಿನ ಪಾಸ್‌ವರ್ಡ್, ಸೀರಿಯಲ್ ನಂಬರ್ ಎರಡನ್ನೂ ಬೆರಳಿನಿಂದ ಮುಚ್ಚಿಕೊಂಡು ತೆಗೆಯಿರಿ.