ಪ್ರತಿಕ್ರಿಯೆ: ಬೂದಿದಿಬ್ಬದ ಮೂಳೆ ಗುರುತಿಸಲು ಪುಣೆಗೆ ಹೋಗಬೇಕಾ?

ಸುರಪುರ ಕಡೆಯ ಬೂದಿದಿಬ್ಬದ (ಹೊಸ ಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಉಳಿದ ಬೂದಿಯ ಗುಡ್ಡೆ) ಮೂಳೆಗಳ ಮೇಲೆ ಪ್ರಬಂಧ ಬರೀತಿದ್ದೀನಿ, ಪುಣೆಯ ಡೆಕ್ಕನ್ ಕಾಲೇಜಿಗೆ ಹೋದರೆ ಉಪಯೋಗ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ ಬನ್ನಿ.

ಅಲ್ಲಿನ ಪ್ರಾಣಿ ಮೂಳೆಗಳ ಪ್ರಯೋಗಾಲಯ ನಿಮಗೆ ಮುಖ್ಯ. ಈಗಿನ ಪ್ರಾಣಿಗಳ ಮೂಳೆಗಳನ್ನು ಹೋಲಿಕೆಗೆ ಅಂತಲೇ ಜೋಡಿಸಿಟ್ಟಿದ್ದಾರೆ. ಕುರಿ ಮತ್ತು ಮೇಕೆಯ ಮೂಳೆ ಪುಸ್ತಕದ ಚಿತ್ರ ನೋಡಿ ಬೇರೆ ಮಾಡೋದು ತುಂಬಾ ಕಷ್ಟ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗಲೇ ಕಣ್ಣು ಪಳಗುತ್ತದೆ. ಇನ್ನೊಂದು ವಿಷಯ: ನಿಮ್ಮ ಕಡೆಯದೇ ಬೂದಿಹಾಳದ ಬೂದಿದಿಬ್ಬ, ಇಸಾಂಪುರದ ಕಲ್ಲಿನ ಆಯುಧಗಳ ನೆಲೆ, ಎರಡನ್ನೂ ಅಗೆದದ್ದು ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರ ತಂಡ. ಹಾಗಾಗಿ ನಿಮ್ಮ ವಿಷಯ ಅವರಿಗೆ ಹೊಸದಲ್ಲ. ಗ್ರಂಥಾಲಯವೂ ಒಳ್ಳೆಯದು.

ಆದರೆ ಸುಮ್ನೆ ಹೋಗಿ ನಿಲ್ಲಬೇಡಿ. ಪುರಾತತ್ವ ವಿಭಾಗಕ್ಕೆ ಮೊದಲೇ ಪತ್ರ ಬರೆಯಿರಿ, ಜೊತೆಗೆ ನಿಮ್ಮ ಮಾರ್ಗದರ್ಶಕರ ಪತ್ರವೂ ಇರಲಿ. ಯಾವ ಪ್ರಾಣಿಯ ಯಾವ ಮೂಳೆ ನೋಡಬೇಕು ಅಂತ ಸ್ಪಷ್ಟವಾಗಿ ಹೇಳಿ. ಫೋಟೋ ತೆಗೆಯಲು, ಉಳಿದುಕೊಳ್ಳಲು ಅನುಮತಿ ಅದರಲ್ಲೇ ಕೇಳಿಬಿಡಿ. ಅಳತೆಗೆ ನಿಮ್ಮದೇ ಕ್ಯಾಲಿಪರ್ ಒಯ್ಯಿರಿ. ಎರಡು ದಿನ ಸಾಲದು, ಒಂದು ವಾರ ಇಟ್ಟುಕೊಳ್ಳಿ.