ಗೋಡೆಯಾಚೆ ಕುಕ್ಕರ್ ಕೂಗುತ್ತದೆ, ಅಮೆರಿಕದ ಆಡಿಷನ್ ಹೇಗೆ ಕೊಡಲಿ?

ಪ್ರಶ್ನೆ: ನನಗೆ 24 ವರ್ಷ. ಮೈಸೂರಿನ ಅಗ್ರಹಾರದ ವಠಾರವೊಂದರಲ್ಲಿ ಅಪ್ಪ, ಅಮ್ಮ, ಅಜ್ಜಿ, ಅಣ್ಣನ ಜೊತೆ ಇದ್ದೇನೆ. ಎಂಟನೇ ವಯಸ್ಸಿನಿಂದ ಏಳು ವರ್ಷ ಕರ್ನಾಟಕ ಪಿಟೀಲು ಕಲಿತು, ಆಮೇಲೆ ಪಾಶ್ಚಾತ್ಯ ವಯಲಿನ್‌ಗೆ ಬಂದು ಡಿಪ್ಲೊಮಾ ಮುಗಿಸಿದ್ದೇನೆ. ಅಮೆರಿಕದಲ್ಲಿ ಮಾಸ್ಟರ್ಸ್ ಮಾಡಬೇಕೆಂಬ ಆಸೆ. ಡಿಸೆಂಬರ್ 1ರೊಳಗೆ ವಿಡಿಯೊ ಕಳಿಸಬೇಕು, ಅದರಲ್ಲಿ ಆಯ್ಕೆಯಾದರೆ ಜನವರಿ-ಫೆಬ್ರವರಿಯಲ್ಲಿ ಜೂಮ್‌ನಲ್ಲಿ ಲೈವ್ ಆಡಿಷನ್. ನಮ್ಮ ಮನೆಯಲ್ಲಿ ಐದು ನಿಮಿಷ ನಿಶ್ಶಬ್ದ ಸಿಗುವುದಿಲ್ಲ. ಒಂದು ಸ್ಟುಡಿಯೊದವರು, ‘ಹತ್ತು ಟೇಕ್ ತೆಗೆದು ಚೆನ್ನಾಗಿರೋದನ್ನೆಲ್ಲ ಜೋಡಿಸಿ, ಸ್ವಲ್ಪ ರಿವರ್ಬ್ (ದೊಡ್ಡ ಹಾಲ್‌ನಂಥ ಅನುರಣನ) ಹಾಕಿ ಕೊಡ್ತೀವಿ, 18,000 ಆಗುತ್ತೆ’ ಎಂದಿದ್ದಾರೆ. ಎಲ್ಲರೂ ಹಾಗೇ ಮಾಡೋದು ಅಂತಾನೆ ಅಣ್ಣ. ‘ಮೈಸೂರಲ್ಲಿ ಕೂತು ಇಂಗ್ಲಿಷ್ ಪಿಟೀಲು ಬಾರಿಸಿದರೆ ಅಲ್ಲಿ ಯಾರು ಕೇಳ್ತಾರೆ? ಒಂದೇ ಸಲ ನೋಡು, ಆಗದಿದ್ದರೆ ಬ್ಯಾಂಕ್ ಪರೀಕ್ಷೆ ಬರಿ’ ಅಂತಾರೆ ಅಪ್ಪ. ಕರ್ನಾಟಕ ಸಂಗೀತ ಕಲಿತದ್ದನ್ನು ಅರ್ಜಿಯಲ್ಲಿ ಹೇಳಬೇಕೋ ಮುಚ್ಚಿಡಬೇಕೋ ಅದೂ ಗೊತ್ತಾಗುತ್ತಿಲ್ಲ.
— ಹೆಸರು ಬೇಡ, ಮೈಸೂರು

ಉತ್ತರ: ಸ್ಟುಡಿಯೊದವರಿಗೆ ಇವತ್ತೇ ಬೇಡ ಅನ್ನಿ. ನೀತಿಯ ಮಾತು ಒಂದು ಕಡೆ ಇರಲಿ, ಲೆಕ್ಕದಲ್ಲೇ ಅದು ನಷ್ಟದ ವ್ಯಾಪಾರ. ಈ ವಿಡಿಯೊಗಳಲ್ಲಿ ಪ್ರತಿ ಕೃತಿಯನ್ನೂ ಮೊದಲಿನಿಂದ ಕೊನೆಯವರೆಗೆ ಕತ್ತರಿಯಿಲ್ಲದೆ, ಒಂದೇ ಟೇಕ್‌ನಲ್ಲಿ ನುಡಿಸಿರಬೇಕು ಅಂತ ಶಾಲೆಗಳು ನಿಯಮದಲ್ಲೇ ಹೇಳಿರುತ್ತವೆ. ಒಂದು ಕೃತಿ ಮುಗಿದು ಇನ್ನೊಂದು ಶುರುವಾಗುವ ಮುಂಚೆ ನಿಲ್ಲಿಸಿದರೆ ತಪ್ಪಿಲ್ಲ, ಒಳಗೆ ಕತ್ತರಿಸಿದರೆ ತಪ್ಪು. ಒಂಟಿ ವಯಲಿನ್‌ನಲ್ಲಿ ಅಂಟು ಹಾಕಿದ ಜಾಗ ಅಡಗುವುದೂ ಇಲ್ಲ. ಹಿಂದಿನ ಸ್ವರದ ಅನುರಣನ ಅರ್ಧಕ್ಕೆ ತುಂಡಾಗುತ್ತದೆ, ಕಮಾನು ಇಳಿಯುತ್ತಿದ್ದದ್ದು ದಿಢೀರನೆ ಏರುತ್ತಿರುತ್ತದೆ. ದಿನಾ ಇದನ್ನೇ ಕೇಳುವ ವಯಲಿನ್ ಮೇಷ್ಟ್ರಿಗೆ ಅಷ್ಟು ಸಾಕು. ಹೇಗೋ ದಾಟಿಹೋಯಿತು ಅಂತಲೇ ಇಟ್ಟುಕೊಳ್ಳಿ. ಫೆಬ್ರವರಿಯಲ್ಲಿ ಅದೇ ಮೇಷ್ಟ್ರ ಎದುರು ಅದೇ ಕೃತಿಯನ್ನು ಲೈವ್ ನುಡಿಸಬೇಕಲ್ಲ, ಆಗ ಪಕ್ಕಕ್ಕಿಟ್ಟು ನೋಡುವುದಕ್ಕೆ ಅವರ ಬಳಿ ನಿಮ್ಮದೇ ವಿಡಿಯೊ ಇರುತ್ತದೆ.

ಆ 18,000ವನ್ನು ಬೇರೆ ಕಡೆ ಖರ್ಚು ಮಾಡಿ. ಮೊದಲು ನಿಮ್ಮ ಜೊತೆಗೆ ಪಿಯಾನೊ ನುಡಿಸುವವರಿಗೆ, ಆಮೇಲೆ ಹಾಲ್ ಬಾಡಿಗೆಗೆ ಮತ್ತು ಪಿಯಾನೊ ಶ್ರುತಿ ಮಾಡಿಸುವುದಕ್ಕೆ. ಉಳಿದರೆ ಒಂದು ಯುಎಸ್‌ಬಿ ಕಂಡೆನ್ಸರ್ ಮೈಕ್‌ಗೆ.

ಈಗ ಆಗಸ್ಟ್. ಮೊದಲು ಕೃತಿಗಳನ್ನು ಗಟ್ಟಿ ಮಾಡಿಕೊಳ್ಳಿ. ವಯಲಿನ್‌ಗೆ ಹೆಚ್ಚಿನ ಕಡೆ ಕೇಳುವುದು ಮೂರು ಬಗೆ: ಬಾಖ್‌ನ ಒಂಟಿ ಸೊನಾಟಾ ಅಥವಾ ಪಾರ್ಟಿಟಾದಿಂದ (ಒಂಟಿ ವಯಲಿನ್‌ಗೆ ಬರೆದ, ಹಲವು ಭಾಗಗಳ ಕೃತಿ) ಒಂದೋ ಎರಡೋ ಭಾಗ, ಪಗನಿನಿಯ ಒಂದು ಕಪ್ರೀಸ್ (ಕೈಚಳಕದ ಚಿಕ್ಕ ಕೃತಿ), ದೊಡ್ಡ ಕಾನ್ಸರ್ಟೊವೊಂದರ (ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ, ಇಲ್ಲಿ ಆರ್ಕೆಸ್ಟ್ರಾ ಬದಲು ಪಿಯಾನೊ) ಮೊದಲ ಭಾಗ. ಐದು ಶಾಲೆಗಳ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಬರೆದು, ಎಲ್ಲಕ್ಕೂ ಹೊಂದುವ ಒಂದೇ ಸೆಟ್ ಆರಿಸಿಕೊಳ್ಳಿ. ಹನ್ನೆರಡು ಶಾಲೆಗೆ ಹಾಕಬೇಡಿ. ಒಂದೊಂದು ಅರ್ಜಿಗೂ ನೂರು ಡಾಲರ್ ಆಸುಪಾಸು ಶುಲ್ಕ, ಒಂದೊಂದಕ್ಕೂ ಬೇರೆ ಬೇರೆ ಕೃತಿ ಕೇಳಿದರೆ ಯಾವುದೂ ಕೈಗೆ ಕೂರುವುದಿಲ್ಲ. ಎರಡನೇ ಸುತ್ತಿಗೆ ಅಲ್ಲಿಗೇ ಬರಬೇಕು ಅನ್ನುವ ಶಾಲೆಗಳೂ ಇವೆ. ಶುಲ್ಕ ಕಟ್ಟುವ ಮುಂಚೆಯೇ ಆ ಸಾಲನ್ನು ಹುಡುಕಿ ಓದಿ. ಸಿಬೆಲಿಯುಸ್ ಕಾನ್ಸರ್ಟೊ ಇನ್ನೂ ಕೈಗೆ ಭಾರ ಅನ್ನಿಸಿದರೆ ಬ್ರೂಖ್‌ನ ಜಿ ಮೈನರ್ ಕಾನ್ಸರ್ಟೊ ಆರಿಸಿಕೊಳ್ಳುವುದರಲ್ಲಿ ಅವಮಾನವೇನಿಲ್ಲ. ಒದ್ದಾಡುತ್ತ ನುಡಿಸಿದ ದೊಡ್ಡ ಕೃತಿಗಿಂತ ಕೈತುಂಬ ನುಡಿಸಿದ ಚಿಕ್ಕದು ಮೇಲು.

ಕರ್ನಾಟಕ ಸಂಗೀತದ ವಿಷಯ. ಮುಚ್ಚಿಡಬೇಡಿ, ಆದರೆ ಅದನ್ನೇ ಮೆರೆಸಲೂ ಬೇಡಿ. ಅರ್ಜಿಯ ಪ್ರಬಂಧದಲ್ಲಿ ಎರಡು ಸಾಲು ಸಾಕು. ಲೈವ್‌ನಲ್ಲಿ ಅವರಾಗಿ ಕೇಳಿದರೆ ಒಂದು ನಿಮಿಷದ ಆಲಾಪನೆ ಸಿದ್ಧವಿರಲಿ. ಅಪಾಯ ಇರುವುದು ಬೇರೆ ಕಡೆ. ಒಂದೇ ಬೆರಳಲ್ಲಿ ಜಾರಿಸುವ ಅಭ್ಯಾಸ ಏಳು ವರ್ಷ ಕೈಯಲ್ಲಿ ಕೂತಿದೆ, ಅದು ಬಾಖ್‌ನ ಫ್ಯೂಗ್‌ನಲ್ಲಿ (ಒಂದೇ ಸ್ವರಸಾಲು ಬೇರೆ ಬೇರೆ ಎಳೆಗಳಲ್ಲಿ ಮರಳಿ ಬರುವ ಭಾಗ) ಎಡಗೈ ಸ್ಥಾನ ಬದಲಿಸುವಾಗೆಲ್ಲ ಸಣ್ಣ ಜಾರಾಗಿ ಕೇಳಿಸುತ್ತದೆ. ನಿಮ್ಮ ಕಿವಿಗೆ ಅದು ಸಹಜ, ಹಾಗಾಗಿ ಗೊತ್ತೇ ಆಗುವುದಿಲ್ಲ. ಕಮಾನನ್ನು ನಿಲ್ಲಿಸಿ, ಸದ್ದಿಲ್ಲದೆ ಬೆರಳು ಸರಿಸಿ, ಮತ್ತೆ ಕಮಾನು ಎಳೆಯುವ ಹಾಗೆ ಒಂದೊಂದು ಬದಲಾವಣೆಯನ್ನೂ ನಿಧಾನವಾಗಿ ಸಾಧಕ ಮಾಡಿ. ಇನ್ನೊಂದು: ಒಂದೇ ವಯಲಿನ್ನನ್ನು ಬೆಳಿಗ್ಗೆ ಸ-ಪ-ಸ-ಪ ಶ್ರುತಿಗೂ ಸಂಜೆ ಜಿ-ಡಿ-ಎ-ಇ ಶ್ರುತಿಗೂ ತಿರುಗಿಸುತ್ತಿದ್ದರೆ ಸೆಪ್ಟೆಂಬರ್‌ನಿಂದ ನಿಲ್ಲಿಸಿ. ಎಳೆದು ಸಡಿಲಿಸಿದ ತಂತಿ ಎಲ್ಲೂ ನೆಲೆ ನಿಲ್ಲುವುದಿಲ್ಲ, ರೆಕಾರ್ಡಿಂಗ್ ಮಧ್ಯೆ ಇಳಿಯುತ್ತದೆ. ಹೊಸ ತಂತಿಯನ್ನು ಹಾಕಿಸುವುದಾದರೆ ರೆಕಾರ್ಡಿಂಗ್‌ಗೆ ಏಳರಿಂದ ಹತ್ತು ದಿನ ಮುಂಚೆ ಹಾಕಿಸಿ, ಹಿಂದಿನ ದಿನ ಬೇಡ.

ದಿನ ಆರಿಸುವುದು ನಮ್ಮೂರಲ್ಲಿ ದೊಡ್ಡ ಕೆಲಸ. ಗಣೇಶನ ಪೆಂಡಾಲು, ದಸರಾ, ದೀಪಾವಳಿಯ ಪಟಾಕಿ, ಆಮೇಲೆ ನವೆಂಬರ್ ಪೂರ್ತಿ ಸಂಜೆ ಹೊತ್ತು ರಾಜ್ಯೋತ್ಸವದ ಆರ್ಕೆಸ್ಟ್ರಾ. ಹಾಗಾಗಿ ಪಿಯಾನೊ ಇರುವ ಚರ್ಚ್ ಅಥವಾ ಶಾಲೆಯ ಹಾಲ್ ಹುಡುಕಿ, ನವೆಂಬರ್ ಮೊದಲೆರಡು ವಾರದಲ್ಲಿ ಹಬ್ಬ ತಪ್ಪಿಸಿ, ಕೆಲಸದ ದಿನಗಳಲ್ಲಿ, ಬೆಳಿಗ್ಗೆ ಹತ್ತೂವರೆಯಿಂದ ಒಂದು ಗಂಟೆಯವರೆಗೆ ಎರಡು ದಿನ ಹಿಡಿದಿಡಿ. ಎರಡು ದಿನಗಳ ನಡುವೆ ನಾಲ್ಕೈದು ದಿನ ಬಿಡಿ. ಒಂದು ದಿನಕ್ಕೆ ಒಂದು ಕೃತಿಯ ಮೂರು, ಹೆಚ್ಚೆಂದರೆ ನಾಲ್ಕು ಟೇಕ್. ಐದನೆಯದರಿಂದ ಬಲಗೈ ಬಿಗಿಯುತ್ತದೆ, ಎಲ್ಲ ಟೇಕೂ ಕೆಳಕ್ಕೇ ಹೋಗುತ್ತವೆ. ಸೆಪ್ಟೆಂಬರ್‌ನಿಂದ ಪ್ರತಿ ಭಾನುವಾರ ಮನೆಯಲ್ಲೇ, ಗದ್ದಲದ ಮಧ್ಯೆಯೇ, ನಿಲ್ಲಿಸದೆ ಒಂದು ಟೇಕ್ ಫೋನಿನಲ್ಲಿ ತೆಗೆದುಕೊಳ್ಳಿ. ಕೆಂಪು ದೀಪ ಉರಿದಾಗ ಕೈ ನಡುಗುವುದು ಅದರಿಂದಲೇ ಕಡಿಮೆಯಾಗುವುದು.

ಆದರೆ ಕಳಿಸುವ ವಿಡಿಯೊದ ಧ್ವನಿ ಮಾತ್ರ ಫೋನಿನ ಮೈಕ್‌ನದಾಗಬಾರದು. ಮೆಲ್ಲಗೆ ನುಡಿಸಿದಾಗ ಫೋನ್ ತಾನಾಗಿ ಧ್ವನಿ ಏರಿಸುತ್ತದೆ, ಜೋರಾಗಿ ನುಡಿಸಿದಾಗ ಅದುಮುತ್ತದೆ. ಅಡಾಜಿಯೊದ (ನಿಧಾನ ಭಾಗ) ಕೊನೆಯ ಪಿಸುಮಾತಿನಂಥ ಸ್ವರ, ಆಮೇಲೆ ಫ್ಯೂಗ್‌ನ ನಾಲ್ಕು ತಂತಿ ಒಟ್ಟಿಗೆ ಮೊಳಗುವ ಕಾರ್ಡು, ಎರಡೂ ಒಂದೇ ಗಾತ್ರಕ್ಕೆ ಬಂದು ನಿಲ್ಲುತ್ತವೆ. ಕೇಳುವವರು ಫೋನನ್ನು ಬೈಯುವುದಿಲ್ಲ, ಈ ಹುಡುಗಿಗೆ ಏರಿಳಿತ ಬರುವುದಿಲ್ಲ ಅಂದುಕೊಳ್ಳುತ್ತಾರೆ. ಮೈಕನ್ನು ನಿಮ್ಮಿಂದ ಸುಮಾರು ಎರಡು ಮೀಟರ್ ದೂರ, ತಲೆಗಿಂತ ಸ್ವಲ್ಪ ಎತ್ತರದಲ್ಲಿ ಇಡಿ. ಎಲ್ಲಕ್ಕಿಂತ ಜೋರಾದ ಭಾಗವನ್ನು ಮೊದಲು ನುಡಿಸಿ, ರೆಕಾರ್ಡಿಂಗ್‌ನ ಧ್ವನಿಮಾಪಕ ಮೈನಸ್ 10 ಡೆಸಿಬೆಲ್ ಹತ್ತಿರ ನಿಲ್ಲುವಂತೆ ಗೇನ್ (ಮೈಕ್ ಧ್ವನಿ ಹಿಡಿಯುವ ಮಟ್ಟ) ಹೊಂದಿಸಿ, ಆಮೇಲೆ ಮುಟ್ಟಬೇಡಿ. ಸೊನ್ನೆ ದಾಟಿ ಒಡೆದ ಧ್ವನಿಯನ್ನು ಯಾರೂ ಸರಿಮಾಡಲಾರರು. 48 ಕಿಲೋಹರ್ಟ್ಸ್, 24 ಬಿಟ್ ಇರಲಿ. ಧ್ವನಿ ಬೇರೆ, ಚಿತ್ರ ಬೇರೆ ತೆಗೆದು ಆಮೇಲೆ ಕೂಡಿಸುವುದಾದರೆ ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆಯಿರಿ, ಎರಡನ್ನೂ ಆ ಸದ್ದಿಗೆ ಹೊಂದಿಸಬಹುದು. ಹೀಗೆ ಕೂಡಿಸುವುದಕ್ಕೆ ಅಡ್ಡಿಯಿಲ್ಲವೇ ಅಂತ ಒಂದೊಂದು ಶಾಲೆಯ ನಿಯಮದಲ್ಲೂ ನೋಡಿಕೊಳ್ಳಿ.

ಪಿಯಾನೊ ವಯಲಿನ್ನನ್ನು ನುಂಗುತ್ತಿದ್ದರೆ ನುಡಿಸುವವರಿಗೆ ಮೆಲ್ಲಗೆ ಅನ್ನಬೇಡಿ, ಮೈಕನ್ನು ನಿಮ್ಮ ಕಡೆ ಒಂದಡಿ ಸರಿಸಿ. ಹಳೆಯ ಪಿಯಾನೊದ ಎ ಸ್ವರ 440 ಹರ್ಟ್ಸ್‌ಗಿಂತ ಕೆಳಗಿದ್ದರೆ ಅದನ್ನು ಒಂದೇ ದಿನ ಬಲವಂತವಾಗಿ ಎಳೆಸಬೇಡಿ. ಅದಿರುವ ಶ್ರುತಿಯಲ್ಲೇ ಸ್ವರಗಳನ್ನು ಹೊಂದಿಸಲು ಹೇಳಿ, ನಿಮ್ಮ ಎ ತಂತಿಯನ್ನೇ ಅಲ್ಲಿಗೆ ಇಳಿಸಿ. ಫ್ಯಾನ್ ಆರಿಸಿ. ಚೋಕ್ ಗುಂಯ್‌ಗುಡುವ ಟ್ಯೂಬ್‌ಲೈಟ್ ಆರಿಸಿ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ ಟೇಕ್ ಬೇಡ, ಅದರ ಗುಂಯ್ ಮೈಕ್‌ಗೆ ಹತ್ತುತ್ತದೆ.

ಕ್ಯಾಮೆರಾ ಎದೆಯ ಎತ್ತರಕ್ಕೆ, ಅಡ್ಡಡ್ಡ. ಕಮಾನಿನ ಉದ್ದ ಸುಮಾರು 75 ಸೆಂಟಿಮೀಟರ್, ಅದರ ತುದಿ ಪೂರ್ತಿ ಎಳೆದಾಗಲೂ ಚೌಕಟ್ಟಿನೊಳಗೇ ಇರಬೇಕು. ಎರಡೂ ಕೈ, ಮುಖ ಕಾಣಬೇಕು. ವಯಲಿನ್‌ನ ಎಫ್ ಆಕಾರದ ರಂಧ್ರಗಳು ನಿಮ್ಮ ಬಲಗಡೆಗೆ ಸದ್ದು ಚೆಲ್ಲುತ್ತವೆ, ಆದ್ದರಿಂದ ಕ್ಯಾಮೆರಾ, ಮೈಕ್ ಎರಡೂ ನಿಮ್ಮ ಬಲ ಮುಂಭಾಗದಲ್ಲಿರಲಿ. ಕಿಟಕಿ ಬೆನ್ನ ಹಿಂದೆ ಬೇಡ. ಇಷ್ಟೇ, ಇದಕ್ಕಿಂತ ಹೆಚ್ಚು ಚಿತ್ರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ಲೈವ್. ಜೂಮ್ ಮಾತಿಗೆಂದು ಮಾಡಿದ್ದು. ಒಂದೇ ಸಮನೆ ಎಳೆದ ಸ್ವರವನ್ನು ಫ್ಯಾನಿನ ಸದ್ದು ಅಂದುಕೊಂಡು ಅಳಿಸಿಹಾಕುತ್ತದೆ. ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್, ಆಡಿಯೊ, ಅಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಆರಿಸಿ, ಅದರೊಳಗಿನ ಹೈ ಫಿಡೆಲಿಟಿ ಮ್ಯೂಸಿಕ್ ಮೋಡ್‌ಗೆ ಗುರುತು ಹಾಕಿ, ಎಕೊ ಕ್ಯಾನ್ಸಲೇಷನ್ ತೆಗೆಯಿರಿ. ಅಷ್ಟಕ್ಕೇ ಮುಗಿಯುವುದಿಲ್ಲ. ಮೀಟಿಂಗ್ ಶುರುವಾದ ಮೇಲೆ ಜೂಮ್ ಪರದೆಯ ಮೇಲ್ಭಾಗದಲ್ಲಿ ಬರುವ ಒರಿಜಿನಲ್ ಸೌಂಡ್ ಬಟನ್ ‘ಆನ್’ ಅಂತ ತೋರಿಸುತ್ತಿದೆಯೇ ನೋಡಿಕೊಳ್ಳಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಎಕೊ ಕ್ಯಾನ್ಸಲೇಷನ್ ತೆಗೆದ ಮೇಲೆ ಸ್ಪೀಕರ್ ಹಾಕಿದರೆ ಅವರ ಮಾತು ಅವರಿಗೇ ವಾಪಸು ಕೇಳಿಸುತ್ತದೆ, ವೈರ್ ಇರುವ ಇಯರ್‌ಫೋನ್ ಒಂದು ಕಿವಿಗೆ ಹಾಕಿಕೊಳ್ಳಿ. ಬ್ಲೂಟೂತ್ ಬೇಡ. ಅದರ ಮೈಕ್ ಚಾಲೂ ಆದರೆ ಧ್ವನಿ ಹಳೆಯ ಟೆಲಿಫೋನಿನಂತಾಗುತ್ತದೆ.

ಪರೀಕ್ಷೆ ಮಾಡುವಾಗ ನಿಮ್ಮ ಕಂಪ್ಯೂಟರ್‌ನಲ್ಲೇ ರೆಕಾರ್ಡ್ ಮಾಡಿ ಕೇಳಿ ಖುಷಿಪಡಬೇಡಿ, ಅದು ಇನ್ನೂ ಇಂಟರ್ನೆಟ್ ದಾಟದ ಸದ್ದು. ಅಮೆರಿಕದಲ್ಲಿರುವ ಚಿಕ್ಕಮ್ಮನ ಮಗನೋ ಗೆಳತಿಯೋ ಯಾರಾದರೂ ಅವರ ಕಡೆ ರೆಕಾರ್ಡ್ ಮಾಡಿ ಕಳಿಸಲಿ. ರೌಟರ್‌ನಿಂದ ಲ್ಯಾನ್ ಕೇಬಲ್, ರೌಟರ್‌ಗೆ ಸಣ್ಣ ಯುಪಿಎಸ್, ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿ, ಬೇರೆ ಕಂಪನಿಯ ಸಿಮ್ ಇರುವ ಫೋನ್ ಹಾಟ್‌ಸ್ಪಾಟ್‌ಗೆ ಸಿದ್ಧ. ಬೇರೆ ಊರಲ್ಲಿ ಕೂತ ಪಿಯಾನೊದವರ ಜೊತೆ ಜೂಮ್‌ನಲ್ಲಿ ಸೇರಿ ನುಡಿಸಲು ಸಾಧ್ಯವಿಲ್ಲ, ಸದ್ದು ತಲುಪುವ ಹೊತ್ತಿಗೆ ತಾಳ ತಪ್ಪಿರುತ್ತದೆ. ಲೈವ್‌ನಲ್ಲಿ ಪಕ್ಕವಾದ್ಯ ಬೇಕೇ ಬೇಡವೇ ಅಂತ ಶಾಲೆಗೆ ಮೇಲ್ ಬರೆದು ಕೇಳಿ.

ಹೊತ್ತಿನ ಲೆಕ್ಕ ಕಾಗದದ ಮೇಲೆ ಬರೆದಿಡಿ. ಚಳಿಗಾಲದಲ್ಲಿ ನ್ಯೂಯಾರ್ಕ್ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅವರ ಬೆಳಿಗ್ಗೆ 9 ನಮಗೆ ರಾತ್ರಿ 7:30, ಅವರ ಮಧ್ಯಾಹ್ನ 2 ನಮಗೆ ನಡುರಾತ್ರಿ 12:30. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಮುಂದಿಟ್ಟ ಮೇಲೆ ವ್ಯತ್ಯಾಸ ಒಂಬತ್ತೂವರೆಗೆ ಇಳಿಯುತ್ತದೆ. ಭಾರತದಿಂದ ನುಡಿಸುತ್ತಿದ್ದೇನೆ, ದಿನದ ಮೊದಲ ಸಮಯ ಸಿಗಬಹುದೇ ಅಂತ ಮುಂಚೆಯೇ ಕೇಳಿಕೊಳ್ಳಿ, ಕೇಳಿದ್ದಕ್ಕೆ ಯಾರೂ ಅಂಕ ಕಳೆಯುವುದಿಲ್ಲ. ರಾತ್ರಿ 7:30 ಸಿಕ್ಕಿತೆಂದರೆ ವಠಾರದಲ್ಲಿ ಅದು ಸೀರಿಯಲ್ ಹೊತ್ತು, ಕುಕ್ಕರ್ ಹೊತ್ತು. ಹಾಲ್ ಸಿಗದಿದ್ದರೆ ಒಂದು ವಾರ ಮುಂಚೆ ಅಮ್ಮನ ಜೊತೆ ಅಕ್ಕಪಕ್ಕದ ಮನೆಗಳಿಗೆ ಹೋಗಿ. ‘ಸ್ವಲ್ಪ ಗಲಾಟೆ ಕಡಿಮೆ ಮಾಡಿ’ ಅನ್ನಬೇಡಿ. ‘ಫೆಬ್ರವರಿ ಇಷ್ಟನೇ ತಾರೀಖು, ಏಳೂಕಾಲರಿಂದ ಎಂಟರವರೆಗೆ ಕುಕ್ಕರ್ ಇಡಬೇಡಿ ಆಂಟಿ’ ಅನ್ನಿ. ಗಡಿಯಾರದ ಹೊತ್ತು ಹೇಳಿದರೆ ಜನ ನಡೆಸಿಕೊಡುತ್ತಾರೆ. ಅಜ್ಜಿಯ ಟಿವಿಯ ಹೊಣೆ ಅಣ್ಣನಿಗಿರಲಿ, ಎಲ್ಲರೂ ಹಾಗೇ ಮಾಡೋದು ಅಂದವನು ಅಷ್ಟಾದರೂ ಮಾಡಲಿ. ನೆಲ ಟೈಲ್ಸ್ ಆಗಿದ್ದರೆ ಜಮಖಾನ ಹಾಸಿ, ಎದುರು ಗೋಡೆಗೆ ಒಂದು ಹತ್ತಿಯ ಹಾಸಿಗೆ ಒರಗಿಸಿ. ನಾಲ್ಕು ಗೋಡೆಗೂ ಬೇಡ, ವಯಲಿನ್ ಉಸಿರು ಕಟ್ಟುತ್ತದೆ.

ಲೈವ್ ಆಡಿಷನ್ ಅಂದರೆ ಹತ್ತು-ಹದಿನೈದು ನಿಮಿಷದ ಮಾತುಕತೆ ಅಷ್ಟೇ. ಮಧ್ಯದಲ್ಲಿ ನಿಲ್ಲಿಸಿ ‘ಥ್ಯಾಂಕ್ಯೂ, ಮುಂದಿನದು’ ಅಂದರೆ ಗಾಬರಿ ಬೇಡ, ಅವರಿಗಿರುವ ಹೊತ್ತೇ ಅಷ್ಟು. ಕಾನ್ಸರ್ಟೊದ ಯಾವ ಭಾಗದಿಂದ ಶುರು ಮಾಡು ಅಂದರೂ ಶುರು ಮಾಡುವಂತಿರಬೇಕು. ಚೀಟಿ ಬರೆದು ಅಜ್ಜಿ ಕೈಯಲ್ಲಿ ಎತ್ತಿಸಿ ಸಾಧಕ ಮಾಡಿ. ಮುಗಿದ ಮೇಲೆ ಕಮಾನನ್ನು ಎರಡು ಸೆಕೆಂಡ್ ಗಾಳಿಯಲ್ಲೇ ಹಿಡಿಯಿರಿ, ಅಲ್ಲಿಗೆ ಸದ್ದು ತಡವಾಗಿ ತಲುಪುತ್ತದೆ.

ಅಪ್ಪನ ವಿಷಯ. ಮೈಸೂರಿಗೆ ಈ ಸಂಗೀತ ಹೊಸದಲ್ಲ ಅಂತ ಅವರಿಗೆ ಹೇಳಬಹುದು. ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೊ ಕಲಿತವರು, ಲಂಡನ್‌ನಲ್ಲಿದ್ದ ರಷ್ಯನ್ ಸಂಗೀತಗಾರ ಮೆಟ್ನರ್‌ನ ಕೃತಿಗಳ ರೆಕಾರ್ಡಿಂಗ್‌ಗೆ ಹಣ ಕೊಟ್ಟವರು. ಆದರೆ ಅಪ್ಪನ ನಿಜವಾದ ಚಿಂತೆ ದುಡ್ಡಿನದು ಅನ್ನಿಸುತ್ತದೆ, ಅದಕ್ಕೆ ಒಡೆಯರ್ ಉತ್ತರವಲ್ಲ. ಅವರ ಜೊತೆ ಕೂತು ಒಂದು ಹಾಳೆ ಬರೆಯಿರಿ: ಅರ್ಜಿ ಶುಲ್ಕ, ಇಂಗ್ಲಿಷ್ ಪರೀಕ್ಷೆ, ಪಿಯಾನೊ, ಹಾಲ್, ವೀಸಾಕ್ಕೆ ಮೊದಲ ವರ್ಷದ ಖರ್ಚಿನ ಹಣ ತೋರಿಸಬೇಕಾದ್ದು. ಯೇಲ್‌ನ ಸಂಗೀತ ಶಾಲೆ ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ, ಆದರೆ ಅಲ್ಲಿ ಸೀಟು ಬೆರಳೆಣಿಕೆಯಷ್ಟು. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಕೆಲವು ಕಡೆ ಪಾಠ ಹೇಳುವ ಕೆಲಸ ಕೊಟ್ಟು ಶುಲ್ಕ ಬಿಡುತ್ತಾರೆ, ಅದಕ್ಕೆ ಅರ್ಜಿಯಲ್ಲೇ ಪ್ರತ್ಯೇಕ ಗುರುತು ಹಾಕಬೇಕಾಗಬಹುದು. ಐದರಲ್ಲಿ ಎರಡಾದರೂ ಇಂಥವಿರಲಿ. ‘ಒಂದೇ ಸಲ’ ಅನ್ನುವುದನ್ನು ಈಗ ವಾದಿಸಬೇಡಿ, ಹಾಳೆ ನೋಡಿದ ಮೇಲೆ ಅವರೇ ಏನನ್ನುತ್ತಾರೋ ಕೇಳಿ.

ವಿಡಿಯೊಗಳನ್ನು ನವೆಂಬರ್ 24ರೊಳಗೆ ಏರಿಸಿ. ಅವರ ಡಿಸೆಂಬರ್ 1ರ ರಾತ್ರಿ 11:59 ಅಂದರೆ, ನ್ಯೂಯಾರ್ಕ್ ಹೊತ್ತಿನಲ್ಲಿ, ನಮಗೆ 2ರ ಬೆಳಿಗ್ಗೆ 10:29. ಹೇಗೂ ಹೊತ್ತಿದೆ ಅಂತ ಆ ಬೆಳಿಗ್ಗೆಗೆ ಉಳಿಸಿದರೆ ಒಂದೂವರೆ ಜಿಬಿಯ ಫೈಲು 97 ಪರ್ಸೆಂಟ್‌ನಲ್ಲಿ ನಿಂತುಬಿಡುತ್ತದೆ. ಏರಿಸಿದ ಮೇಲೆ ಬೇರೆ ಫೋನಿನಲ್ಲಿ ತೆರೆದು ಕೊನೆಯ ಸ್ವರದವರೆಗೆ ಪೂರ್ತಿ ಕೇಳಿ, ಆಮೇಲೆ ಸಬ್‌ಮಿಟ್ ಒತ್ತಿ.