ಆತ್ಮವೇ ಇಲ್ಲದಿದ್ದರೆ ಮತ್ತೆ ಹುಟ್ಟುವುದು ಯಾರು?

ಪ್ರಶ್ನೆ: ಬೌದ್ಧರು ಆತ್ಮ ಇಲ್ಲ ಅಂತಾರೆ, ಪುನರ್ಜನ್ಮ ಮಾತ್ರ ಇದೆ ಅಂತಾರೆ. ಹಾಗಾದರೆ ಮತ್ತೆ ಹುಟ್ಟುವವರು ಯಾರು? ಶಕ್ತಿ ನಾಶವಾಗುವುದಿಲ್ಲವಲ್ಲ, ಆ ಎನರ್ಜಿಯೇ ಇನ್ನೊಂದು ದೇಹಕ್ಕೆ ಹೋಗುತ್ತದೆ ಅನ್ನಬಹುದಾ?
– ಗಂಗಾವತಿಯ ಓದುಗರು

ಮೊದಲು ಈ ಎನರ್ಜಿಯ ಮಾತು ಬಿಡಿ. ಸತ್ತ ದೇಹದ ಶಾಖ ಸುತ್ತಲಿನ ಗಾಳಿಗೆ ಹೋಗುತ್ತದೆ, ಅಷ್ಟೇ. ಭೌತಶಾಸ್ತ್ರದ ಆ ನಿಯಮ ನೆನಪಿನ ಬಗ್ಗೆಯಾಗಲಿ, ಕರ್ಮದ ಬಗ್ಗೆಯಾಗಲಿ ಏನೂ ಹೇಳುವುದಿಲ್ಲ. ಮೊಬೈಲಿನಲ್ಲಿ ಬರುವ ಪ್ರವಚನ ಕೇಳಿ ಎಷ್ಟು ಜನ ಇದನ್ನೇ ಬರೆದು ಕಳಿಸುತ್ತಾರೋ! ಆತ್ಮ ಅನ್ನುವ ಹೆಸರು ಅಳಿಸಿ ಎನರ್ಜಿ ಅಂತ ಬರೆದರೆ ವಿಷಯ ಬದಲಾಗುವುದಿಲ್ಲ.

ಇನ್ನು 'ಯಾರು' ಅನ್ನುವುದು. ಮೋಲಿಯ ಫಗ್ಗುನ ಎಂಬ ಭಿಕ್ಷು ಬುದ್ಧನಿಗೇ ಇದನ್ನು ಕೇಳಿದ್ದ. ಅನುಭವಿಸುವವರು ಯಾರು? ಆಸೆಪಡುವವರು ಯಾರು? ಪ್ರತಿ ಸಲವೂ ಬುದ್ಧ ಒಂದೇ ಉತ್ತರ ಕೊಟ್ಟ: ಈ ಪ್ರಶ್ನೆ ಸರಿಯಿಲ್ಲ, ಯಾವುದರಿಂದ ಇದು ಉಂಟಾಗುತ್ತದೆ ಅಂತ ಕೇಳು. ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿ ಈ ಮಾತುಕತೆ ಇದೆ. ನೀವೂ ಹಾಗೆ ಕೇಳಿ ನೋಡಿ, ಅರ್ಧ ಗಂಟು ಬಿಚ್ಚುತ್ತದೆ.

ನಮ್ಮ ಅವ್ವ ರಾತ್ರಿ ಹಾಲು ಕಾಸಿ, ಉಗುರುಬೆಚ್ಚಗಾದ ಮೇಲೆ ಒಂದು ಚಮಚ ಹೆಪ್ಪು ಹಾಕುತ್ತಿದ್ದಳು. ಹೆಪ್ಪಿಗೂ ಮೊಸರು ಉಳಿಯದ ದಿನ ನನ್ನ ಕೈಗೆ ಸಣ್ಣ ಬಟ್ಟಲು ಕೊಟ್ಟು ಪಕ್ಕದ ಮನೆಗೆ ಓಡಿಸುತ್ತಿದ್ದಳು. ಅವರು ಹೆಪ್ಪು ಒಯ್ದಿದ್ದೂ ಹಿಂದೊಮ್ಮೆ ನಮ್ಮಿಂದಲೇ. ಇವತ್ತಿನ ಮೊಸರು ನಿನ್ನೆಯದೇನಾ? ಅಲ್ಲ, ನಿನ್ನೆಯದನ್ನು ಉಂಡಾಗಿದೆ. ನಿನ್ನೆಯದಕ್ಕೂ ಇದಕ್ಕೂ ಸಂಬಂಧವೇ ಇಲ್ವಾ? ಇದೆ. ಹುಳಿ ಹೆಪ್ಪು ಹಾಕಿದರೆ ಹುಳಿ ಮೊಸರೇ ಆಗುತ್ತದೆ. ಚಮಚದಷ್ಟಾದರೂ ಹೆಪ್ಪು ದಾಟಿತಲ್ಲ ಅಂತೀರಿ. ಆದರೆ ಅದರೊಳಗಿನ ಸೂಕ್ಷ್ಮಜೀವಿಗಳೂ ಒಂದು ಎರಡಾಗುತ್ತಾ, ಸಾಯುತ್ತಾ ಇರುತ್ತವೆ. ಬದಲಾಗದೆ ಕೂತ ಒಂದು ವಸ್ತು ಅಲ್ಲಿ ಸಿಗುವುದಿಲ್ಲ. ಸಾಲು ಮಾತ್ರ ಮುಂದುವರಿಯುತ್ತದೆ.

ಬೌದ್ಧರ ಮಾತು ಇನ್ನೂ ಬಿಗಿ. ನಾಗಸೇನ ಭಿಕ್ಷು ಗ್ರೀಕ್ ದೊರೆ ಮಿಲಿಂದನಿಗೆ ದೀಪ ತೋರಿಸುತ್ತಾನೆ. ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದರೆ ಮೊದಲಿನ ದೀಪ ಆಚೆ ದಾಟಿತೇ? ಇಲ್ಲ. ಅದಿಲ್ಲದೆ ಎರಡನೆಯದು ಹತ್ತುತ್ತಿತ್ತೇ? ಅದೂ ಇಲ್ಲ. ಹುಟ್ಟುವವನು ಅವನೇ ಅಲ್ಲ, ಬೇರೆಯವನೂ ಅಲ್ಲ ಎಂಬುದು ನಾಗಸೇನನ ಉತ್ತರ.

ಹಾಗಾದರೆ ಮಾಡಿದ್ದಕ್ಕೆ ಹೊಣೆ ಯಾರು? ಅದಕ್ಕೂ ಅವನೇ ಮಾವಿನ ಹಣ್ಣಿನ ಕಥೆ ಹೇಳುತ್ತಾನೆ. ಕಳ್ಳ ಸಿಕ್ಕಿಬಿದ್ದು, 'ತೋಟದವನು ನೆಟ್ಟ ಮಾವು ಬೇರೆ, ನಾನು ಕಿತ್ತ ಮಾವು ಬೇರೆ' ಅಂತ ವಾದಿಸಿದರೆ ಯಾವ ದೊರೆ ಒಪ್ಪುತ್ತಾನೆ? ನೆಟ್ಟದ್ದರಿಂದಲೇ ಕಿತ್ತದ್ದು ಬಂತು. ಹೊಣೆಗೆ ಆ ಸಂಬಂಧ ಸಾಕು.

'ಆತ್ಮ ಬೇಡ, ವಿಜ್ಞಾನ, ಅಂದರೆ ಅರಿವು, ಅದು ಹೋಗುತ್ತದೆ' ಅನ್ನುವವರೂ ಇದ್ದಾರೆ. ಬೆಸ್ತರ ಮಗ ಸಾತಿ ಎಂಬ ಭಿಕ್ಷು ಹೀಗೇ ಹೇಳಿ ಬುದ್ಧನಿಂದ ಚೆನ್ನಾಗಿ ಬೈಸಿಕೊಂಡ. ಕಟ್ಟಿಗೆಯಿಂದ ಹತ್ತಿದ್ದು ಕಟ್ಟಿಗೆ ಬೆಂಕಿ, ಸಗಣಿಯಿಂದ ಹತ್ತಿದ್ದು ಸಗಣಿ ಬೆಂಕಿ. ಅರಿವೂ ಹಾಗೆಯೇ, ಕಾರಣ ಇದ್ದಾಗ ಹತ್ತುತ್ತದೆ. ಮೂಟೆ ಹೊತ್ತು ಊರೂರು ತಿರುಗುವ ಪ್ರಯಾಣಿಕನಲ್ಲ ಅದು.

ಒಂದು ಎಚ್ಚರಿಕೆ. ಇಷ್ಟರಿಂದ ಪುನರ್ಜನ್ಮ ಇದೆ ಅಂತ ಸಾಬೀತಾಗುವುದಿಲ್ಲ. ಆತ್ಮ ಒಪ್ಪದೆಯೂ ಪುನರ್ಜನ್ಮದ ಮಾತಾಡಬಹುದು, ಅದರಲ್ಲಿ ಗೊಂದಲವಿಲ್ಲ ಅಂತ ಮಾತ್ರ ತಿಳಿಯುತ್ತದೆ. ನಂಬುವುದು, ಬಿಡುವುದು ನಿಮಗೆ ಬಿಟ್ಟದ್ದು.

ಪ್ರಶ್ನೆ: ಕೊಪ್ಪಳದ ಗವಿಮಠದ ಬೆಟ್ಟದಲ್ಲಿರುವ ಅಶೋಕನ ಶಾಸನದಲ್ಲಿ ಆತ್ಮದ ಬಗ್ಗೆ ಏನಿದೆ?

ಏನೂ ಇಲ್ಲ. ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗ ಪಡೆಯಬಹುದು ಅಂತಿದೆ.

ಪ್ರಶ್ನೆ: ಬಳ್ಳಾರಿಯಲ್ಲಿ ಒಬ್ಬರು ಹಿಪ್ನಾಟಿಸಂ ಮಾಡಿ ಹಿಂದಿನ ಜನ್ಮ ತೋರಿಸುತ್ತಾರಂತೆ. ಹೋಗಲಾ?

ಬೇಡ. ಆ ಸ್ಥಿತಿಯಲ್ಲಿ ಕೇಳುವವರ ಸೂಚನೆಯಿಂದಲೇ ಸುಳ್ಳು ನೆನಪು ಹುಟ್ಟುತ್ತದೆ. ದುಡ್ಡೂ ಹೋಗುತ್ತದೆ, ನೆಮ್ಮದಿಯೂ ಹೋಗುತ್ತದೆ.

ಪ್ರಶ್ನೆ: ನಮ್ಮ ಆರು ವರ್ಷದ ಮಗನಿಗೆ ಫಿಟ್ಸ್ ಬರುತ್ತದೆ. ಹಿಂದಿನ ಜನ್ಮದ ಕರ್ಮ, ಮಾತ್ರೆ ನಿಲ್ಲಿಸಿ ಪೂಜೆ ಮಾಡಿಸಿ ಅಂದರು.
– ರಾಯಚೂರಿನ ತಾಯಿ

ಅಮ್ಮಾ, ಹಾಗೆ ಹೇಳಿದವರು ತಪ್ಪು ಮಾಡಿದ್ದಾರೆ. ನೋವೆಲ್ಲಾ ಹಿಂದಿನ ಕರ್ಮದ್ದೇ ಅನ್ನುವ ಮಾತು ಸರಿಯಾ ಅಂತ ಸೀವಕ ಎಂಬ ಪರಿವ್ರಾಜಕ, ಅಂದರೆ ಊರೂರು ತಿರುಗುವ ಸನ್ಯಾಸಿ, ಕೇಳಿದಾಗ ಬುದ್ಧ ಎಂಟು ಕಾರಣ ಎಣಿಸಿದ. ಪಿತ್ತ, ಕಫ, ವಾತ, ಹವಾಮಾನ ಎಲ್ಲವೂ ಅದರಲ್ಲಿವೆ. ಕರ್ಮ ಆ ಎಂಟರಲ್ಲಿ ಒಂದು, ಅಷ್ಟೇ. ನಿಮ್ಮ ಮಗು ಯಾವ ಶಿಕ್ಷೆಯನ್ನೂ ಅನುಭವಿಸುತ್ತಿಲ್ಲ, ನೀವೂ ಅಷ್ಟೇ. ಫಿಟ್ಸ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಪೂಜೆ ಮಾಡಿಸುವುದಾದರೆ ಮಾಡಿಸಿ, ಮಾತ್ರೆ ಮಾತ್ರ ತಪ್ಪಿಸಬೇಡಿ. ಈಗಾಗಲೇ ನಿಲ್ಲಿಸಿದ್ದರೆ ನಾಳೆಗೆ ಅಂತ ಇಡಬೇಡಿ, ಇವತ್ತೇ ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.